ಎರಡನೇ ಲೆನ್ಸ್ ಮೊದಲು, ಬಾಡಿ ಆಮೇಲೆ

ಮೊದಲ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕೊಳ್ಳುವವರು ಸಾಮಾನ್ಯವಾಗಿ ಬಾಡಿಗಳನ್ನು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು, ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಇದರಲ್ಲಿ ಮೆಗಾಪಿಕ್ಸೆಲ್ ಎಷ್ಟು, ಅದರಲ್ಲಿ ಫೋಕಸ್ ಪಾಯಿಂಟ್ ಎಷ್ಟು, ಯಾವುದಕ್ಕೆ ಟಚ್ ಸ್ಕ್ರೀನ್ ಇದೆ. ನಾನೂ ಆ ಪಟ್ಟಿಗಳನ್ನೆಲ್ಲ ಓದಿದೆ. ಆದರೆ ತೀರ್ಮಾನಕ್ಕೆ ಬಂದದ್ದು ಬೇರೆ ದಾರಿಯಲ್ಲಿ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಆದಮೇಲೆ ನನಗೆ ಬೇಕಾಗುವ ಎರಡನೇ ಲೆನ್ಸ್ ಯಾವುದು ಅಂತ ಮೊದಲು ಗೊತ್ತು ಮಾಡಿಕೊಂಡೆ. ಆ ಲೆನ್ಸ್ ಯಾವ ಬಾಡಿಯ ಮೇಲೆ ಚೆನ್ನಾಗಿ ಕೂರುತ್ತದೆ ಅಂತ ಆಮೇಲೆ ನೋಡಿದೆ. ಹೊಸಬರಿಗೆ ಇದೇ ಸರಿಯಾದ ಕ್ರಮ ಅಂತ ನನಗೆ ಈಗ ಖಂಡಿತ ಅನ್ನಿಸುತ್ತದೆ.

ನನಗೆ ತೆಗೆಯಬೇಕಾಗಿದ್ದದ್ದು ಒಂದೇ. ಅಜ್ಜಿ ಸಂಜೆ ಕಿಟಕಿ ಪಕ್ಕ ಕೂತು ಹೊಲಿಗೆ ಹಾಕುತ್ತಾರೆ. ಆ ಕೈಗಳು, ಆ ಬೆಳಕು. ಫೋನಿನಲ್ಲಿ ತೆಗೆದರೆ ಬೆರಳುಗಳು ಮೇಣದಲ್ಲಿ ಮಾಡಿದ ಹಾಗೆ ನುಣ್ಣಗೆ ಕಾಣುತ್ತವೆ, ಸುಕ್ಕೆಲ್ಲ ಮಾಯ. ನನಗೆ ಬೇಕಾಗಿದ್ದದ್ದೇ ಆ ಸುಕ್ಕು.

ಎಲ್ಲ ಆರಂಭಿಕ ಕ್ಯಾಮೆರಾಗಳ ಜೊತೆ ಬರುವುದು ಹೆಚ್ಚುಕಡಿಮೆ ಒಂದೇ ಥರದ 18-55 ಮಿ.ಮೀ. ಲೆನ್ಸ್. ಮಿ.ಮೀ. ಚಿಕ್ಕದಾದಷ್ಟು ನೋಟ ಅಗಲ. ಎಫ್ ಸಂಖ್ಯೆ ಲೆನ್ಸಿನ ತೂತಿನ, ಅಂದರೆ ಅಪರ್ಚರ್‌ನ ಅಳತೆ; ಅದು ಚಿಕ್ಕದಾದಷ್ಟು ತೂತು ದೊಡ್ಡದು, ಬೆಳಕು ಜಾಸ್ತಿ. 18ರಲ್ಲಿ ಎಫ್/3.5 ತನಕ ತೆರೆಯುತ್ತದೆ, 55ಕ್ಕೆ ಬಂದರೆ ಎಫ್/5.6ಕ್ಕೆ ನಿಂತುಬಿಡುತ್ತದೆ. (ಕ್ಯಾನನ್ 200ಡಿ ಮಾರ್ಕ್ 2 ಜೊತೆ ಬರುವುದು 18ರಲ್ಲೇ ಎಫ್/4.) ಸಂಜೆ ಮನೆಯೊಳಗೆ, ಕಿಟಕಿ ಬೆಳಕಿನಲ್ಲಿ, ಅಲುಗಾಡುವ ಕೈಯನ್ನು ಹಿಡಿಯಲು ನನಗೆ ಶಟರ್ ವೇಗ ಕನಿಷ್ಠ 1/125 ಸೆಕೆಂಡ್ ಬೇಕು. ಎಫ್/5.6ರಲ್ಲಿ ಅದಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದಷ್ಟು ಫೋಟೊ ಕಾಳುಕಾಳು) 6400 ಬೇಕಾಯಿತು. ಅದೇ ಬೆಳಕಿನಲ್ಲಿ ಎಫ್/1.8 ಲೆನ್ಸ್ ಹಾಕಿದರೆ ಐಎಸ್‌ಒ 640 ಸಾಕು. ಎರಡರ ನಡುವೆ ಬೆಳಕಿನಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ. ಯಾವ ಎರಡು ಆರಂಭಿಕ ಬಾಡಿಗಳ ನಡುವೆಯೂ ಇಷ್ಟು ದೊಡ್ಡ ಅಂತರ ಇಲ್ಲ. ಇದನ್ನು ಕಣ್ಣಾರೆ ನೋಡಿದ ಮೇಲೆ ಬಾಡಿಗಳ ಪಟ್ಟಿ ಓದುವ ಆತುರ ಕಡಿಮೆಯಾಯಿತು.

ನಿಕಾನ್ ಕಿಟ್ ಲೆನ್ಸಿನಲ್ಲಿ ನಡುಕ ತಡೆಯುವ ವಿಆರ್ ಇದೆ, ಕ್ಯಾನನ್‌ದರಲ್ಲಿ ಐಎಸ್ ಇದೆ, ಅದು ಸಾಲದಾ ಅಂತ ಕೇಳಬಹುದು. ಆ ವ್ಯವಸ್ಥೆ ತಡೆಯುವುದು ನಮ್ಮ ಕೈ ನಡುಕವನ್ನು ಮಾತ್ರ. ಮೇಜಿನ ಮೇಲಿರುವ ಹೂದಾನಿ ತೆಗೆಯಲು ತುಂಬಾ ಉಪಯೋಗ. ಎದುರಿಗೆ ಕೂತವರು ಕೈ ಆಡಿಸಿದರೆ ಅದು ಏನೂ ಮಾಡಲಾರದು.

ಕ್ಯಾಮೆರಾಗಳನ್ನು ಕೇಳಿ ತಂದೆ. ಗೆಳತಿಯ ಹತ್ತಿರ ಕ್ಯಾನನ್ 1500ಡಿ ಇತ್ತು, ತಂಗಿಯ ಹತ್ತಿರ 200ಡಿ ಮಾರ್ಕ್ 2, ಆಫೀಸಿನಲ್ಲಿ ಒಬ್ಬರ ಹತ್ತಿರ ನಿಕಾನ್ ಡಿ3500. ಪಕ್ಕದ ಮನೆಯ ಹುಡುಗನ 3000ಡಿಯನ್ನೂ ಸ್ವಲ್ಪ ಹೊತ್ತು ಹಿಡಿದು ನೋಡಿದೆ. ಎಲ್ಲವನ್ನೂ ಅದೇ ಕೋಣೆಯಲ್ಲಿ, ಅದೇ ಕಿಟಕಿ ಹತ್ತಿರ, ಅದೇ ಹೊತ್ತಿನಲ್ಲಿ ನೋಡಿದೆ. ಹೋಲಿಕೆ ಅಂದರೆ ಹಾಗಿರಬೇಕು ಅಲ್ವಾ? ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ತೆಗೆಯುತ್ತವೆ.

ಲೆನ್ಸಿನ ವಿಷಯದಲ್ಲಿ ಕ್ಯಾನನ್‌ದು ಸರಳ. 1987ರಲ್ಲಿ ಇಎಫ್ ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಜಾಗ) ತಂದಾಗಲೇ ಫೋಕಸ್ ಮೋಟರನ್ನು ಲೆನ್ಸಿನೊಳಗೆ ಇಟ್ಟರು. ಹಾಗಾಗಿ ಹಳೆಯ ಇಎಫ್ ಲೆನ್ಸ್ ಸಿಕ್ಕರೂ ಹೊಸ ಬಾಡಿಯಲ್ಲಿ ಆಟೋಫೋಕಸ್ ಆಗುತ್ತದೆ. 2003ರಿಂದ ಬಂದ ಇಎಫ್-ಎಸ್ ಲೆನ್ಸ್‌ಗಳು ಚಿಕ್ಕ ಸೆನ್ಸರಿನ ಕ್ಯಾಮೆರಾಗಳಿಗೆ ಅಂತಲೇ ಮಾಡಿದವು. ನಾನು ಹೇಳುತ್ತಿರುವ ಕ್ಯಾನನ್ ಬಾಡಿಗಳಿಗೆ ಎರಡೂ ಕೂರುತ್ತವೆ. ಹೊಸಬರು ಹೆದರಬೇಕಾದ್ದು ಏನೂ ಇಲ್ಲ.

ನಿಕಾನ್ ಎಫ್ ಮೌಂಟ್ 1959ರದು. ಅಷ್ಟು ಹಳೆಯದಾದ್ದರಿಂದ ಲೆನ್ಸ್ ಬೇಕಾದಷ್ಟಿವೆ, ಆದರೆ ಕಣ್ಣಿಟ್ಟು ಆರಿಸಬೇಕು. ಹಳೆಯ ಆಟೋಫೋಕಸ್ ಲೆನ್ಸ್‌ಗಳಲ್ಲಿ ಮೋಟರ್ ಇಲ್ಲ. ಅವನ್ನು ತಿರುಗಿಸುವ ಮೋಟರ್ ಬಾಡಿಯಲ್ಲಿ ಇರಬೇಕು. ಡಿ3500 ಮತ್ತು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಡಿ5600 ಎರಡರಲ್ಲೂ ಅದನ್ನು ಬಿಟ್ಟಿದ್ದಾರೆ. ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿದ್ದರೆ ಆಟೋಫೋಕಸ್ ಆಗುತ್ತದೆ. ಬರೀ ಎಎಫ್ ಅಂತ ಇದ್ದರೆ ಕೈಯಲ್ಲೇ ತಿರುಗಿಸಬೇಕು.

ಇದು ನನಗೆ ಸರಿಯಾಗಿ ಅರ್ಥವಾದದ್ದು ಚಿಕ್ಕಪ್ಪನಿಂದ. ಅವರ ಹತ್ತಿರ ಫಿಲ್ಮ್ ಕಾಲದಿಂದ ಒಂದು 50 ಮಿ.ಮೀ. ಎಫ್/1.8ಡಿ ಲೆನ್ಸ್ ಇದೆ. ಅದನ್ನು ಡಿ3500ಗೆ ಹಾಕಿದ ತಕ್ಷಣ ಕ್ಯಾಮೆರಾ ಎಫ್‌ಇಇ ಅಂತ ತೋರಿಸಿ ನಿಂತಿತು.

"ಅಪರ್ಚರ್ ರಿಂಗ್ ನೋಡಮ್ಮಾ, 22ಕ್ಕೆ ತಿರುಗಿಸಿ ಲಾಕ್ ಮಾಡು" ಅಂದರು.

"ಅದು ತುಂಬಾ ಚಿಕ್ಕ ತೂತಲ್ವಾ ಚಿಕ್ಕಪ್ಪ, ಕತ್ತಲಾಗಲ್ವಾ?"

"ಆಗಲ್ಲ. ರಿಂಗ್ ಅಲ್ಲಿರಬೇಕು, ಎಷ್ಟು ತೆರೀಬೇಕು ಅಂತ ಇನ್ಮೇಲೆ ಬಾಡಿ ಹೇಳುತ್ತೆ."

ಹಾಗೇ ಆಯಿತು. ಬೆಳಕಿನ ಅಳತೆ ಸರಿಯಾಗಿ ಸಿಗುತ್ತದೆ, ಅಪರ್ಚರ್ ಬಾಡಿಯಿಂದಲೇ ಬದಲಾಗುತ್ತದೆ. ಫೋಕಸ್ ಮಾತ್ರ ಕೈಯಲ್ಲಿ. ಸರಿಯಾಗಿ ಕೂತಾಗ, ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಕೆಳಗೆ ಒಂದು ಚುಕ್ಕಿ ಹೊತ್ತಿಕೊಳ್ಳುತ್ತದೆ. ಸುಮ್ಮನೆ ಕೂತವರ ಮುಖಕ್ಕೆ ಇದು ಸಾಕು, ಖುಷಿಯೂ ಆಗುತ್ತದೆ. ಎಫ್/1.8ರಲ್ಲಿ ಸೂಜಿ ಹಿಡಿದು ಆಡುತ್ತಿರುವ ಬೆರಳಿಗೆ ಸಾಲದು. ಚುಕ್ಕಿ ಹೊತ್ತುವಷ್ಟರಲ್ಲಿ ಬೆರಳು ಆಚೆ ಹೋಗಿರುತ್ತದೆ. ಹೊಸದಾಗಿ ಕೊಳ್ಳುವವರಿಗೆ ಇದೇ ಲೆನ್ಸಿನ ಎಎಫ್-ಎಸ್ 50 ಮಿ.ಮೀ. ಎಫ್/1.8ಜಿ ಇದೆ, ಅದರಲ್ಲಿ ಮೋಟರ್ ಇದೆ. ಹೆಸರಿನಲ್ಲಿ ಎಎಫ್ ಆದಮೇಲೆ ಎಸ್ ಅಥವಾ ಪಿ ಇದೆಯಾ ನೋಡಿಕೊಳ್ಳಿ. ಬಳಸಿದ ಲೆನ್ಸ್ ಹುಡುಕುವಾಗ ಇಷ್ಟು ಮುಖ್ಯವಾದ ಅಕ್ಷರ ಬೇರೆ ಇಲ್ಲ.

ಆದರೆ 50 ಮಿ.ಮೀ. ಅನ್ನುವುದೇ ನನಗೆ ತೊಂದರೆಯಾಯಿತು. ಎಲ್ಲರೂ ಹೊಸಬರಿಗೆ ಮೊದಲು ಹೇಳುವುದೇ ಇದನ್ನು. ಲೆನ್ಸ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕ್ಯಾನನ್ ಇಎಫ್ 50 ಮಿ.ಮೀ. ಎಫ್/1.8 ಎಸ್‌ಟಿಎಂ ಬರೀ 160 ಗ್ರಾಂ. ಆದರೆ ಈ ಕ್ಯಾಮೆರಾಗಳ ಸೆನ್ಸರ್ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದು. ಕ್ಯಾನನ್‌ನಲ್ಲಿ 1.6 ಪಟ್ಟು, ನಿಕಾನ್‌ನಲ್ಲಿ 1.5 ಪಟ್ಟು ಲೆಕ್ಕ ಹಾಕಬೇಕು. 50 ಹಾಕಿದರೆ ಕ್ಯಾನನ್‌ನಲ್ಲಿ 80ರಷ್ಟು ಕಿರಿದಾಗಿ ಕಾಣುತ್ತದೆ, ನಿಕಾನ್‌ನಲ್ಲಿ 75ರಷ್ಟು. ಅಜ್ಜಿಯ ಮುಖ, ಕೈ, ಮಡಿಲಲ್ಲಿರುವ ಬಟ್ಟೆ, ಕಿಟಕಿ ಎಲ್ಲ ಒಟ್ಟಿಗೆ ಬೇಕು ಅಂದರೆ ನಾನು ಹಿಂದೆ ಹಿಂದೆ ಸರಿದು ಗೋಡೆಗೆ ಒರಗಬೇಕು. ಆಗಲೂ ಪೂರ್ತಿ ಬರುವುದಿಲ್ಲ.

ನನಗೆ ಬೇಕಾದ್ದು 35ರ ಆಸುಪಾಸು, ಜೊತೆಗೆ ಎಫ್/1.8. ಇಲ್ಲಿ ಎರಡು ಕಂಪನಿಗಳ ದಾರಿ ಬೇರೆಯಾಗುತ್ತದೆ. ನಿಕಾನ್‌ನಲ್ಲಿ ಇದಕ್ಕೆಂದೇ ಒಂದು ಲೆನ್ಸ್ ಇದೆ, 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ. 200 ಗ್ರಾಂ ತೂಕ, ಚಿಕ್ಕ ಸೆನ್ಸರಿಗೆ ಅಂತಲೇ ಮಾಡಿದ್ದು. ಕ್ಯಾನನ್‌ನಲ್ಲಿ ಇಎಫ್-ಎಸ್ 24 ಮಿ.ಮೀ. ಎಫ್/2.8 ಎಸ್‌ಟಿಎಂ ಇದೆ. 125 ಗ್ರಾಂ, ಬಿಲ್ಲೆಯಷ್ಟು ತೆಳ್ಳಗಿದೆ, ಹೊರಗೆ ತಿರುಗಾಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಆದರೆ ಎಫ್/2.8 ನನ್ನ ಸಂಜೆಗೆ ಸಾಲದು. ಕ್ಯಾನನ್ ಇಎಫ್ 35 ಮಿ.ಮೀ. ಎಫ್/2 ದೊಡ್ಡ ಸೆನ್ಸರಿನ ಕ್ಯಾಮೆರಾಗಳಿಗೆ ಮಾಡಿದ ಲೆನ್ಸ್, ಅದಕ್ಕೆ ತಕ್ಕ ಹಾಗೆ ದುಬಾರಿ. ಸಿಗ್ಮಾ ಕಂಪನಿಯ 30 ಮಿ.ಮೀ. ಎಫ್/1.4 ಎರಡು ಮೌಂಟಿಗೂ ಸಿಗುತ್ತದೆ, ಬೆಳಕು ಇನ್ನೂ ಜಾಸ್ತಿ. 435 ಗ್ರಾಂ ತೂಗುತ್ತದೆ, ಅಂದರೆ ಡಿ3500 ಬಾಡಿಗಿಂತ ಲೆನ್ಸೇ ಭಾರ.

ಇಷ್ಟು ಹೊತ್ತಿಗೆ ನನ್ನ ತಕ್ಕಡಿ ನಿಕಾನ್ ಕಡೆ ವಾಲಿತ್ತು. ಆದರೂ ಬಾಡಿಗಳನ್ನು ನೋಡದೆ ಬಿಡಲಿಲ್ಲ.

ನಾನು ಕನ್ನಡಕ ಹಾಕುತ್ತೇನೆ. ಹಾಗಾಗಿ ಮೊದಲು ನೋಡುವುದು ವ್ಯೂಫೈಂಡರ್. ಅದರ ಪಕ್ಕ ಒಂದು ಪುಟ್ಟ ಚಕ್ರ ಇರುತ್ತದೆ, ನಮ್ಮ ಕಣ್ಣಿಗೆ ಹೊಂದಿಸಿಕೊಳ್ಳಲು. 3000ಡಿಯಲ್ಲಿ ಆ ಚಕ್ರವೇ ಇಲ್ಲ. ಇದೊಂದೇ ಕಾರಣಕ್ಕೆ ಕನ್ನಡಕದವರು ಅದನ್ನು ಬಿಡಬಹುದು. ಉಳಿದದ್ದೂ ಹಾಗೇ ಇದೆ: ಲೆನ್ಸ್ ಕೂರುವ ಮೌಂಟ್ ಪ್ಲಾಸ್ಟಿಕ್, ಹಿಂದಿನ ಸ್ಕ್ರೀನ್ 2.7 ಇಂಚು ಮತ್ತು ಬರೀ 2.3 ಲಕ್ಷ ಚುಕ್ಕಿಗಳದ್ದು. 1500ಡಿ ಮತ್ತು ಡಿ3500ಗಳ ಸ್ಕ್ರೀನಿನಲ್ಲಿ 9 ಲಕ್ಷಕ್ಕೂ ಮೇಲಿವೆ. ಫೋಕಸ್ ಸರಿಯಾಗಿ ಬಿದ್ದಿದೆಯಾ ಅಂತ ದೊಡ್ಡದು ಮಾಡಿ ನೋಡುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕಲಿಯುವವರು ಆ ಸ್ಕ್ರೀನ್ ನೋಡಿಯೇ ಕಲಿಯಬೇಕು. ಅದು ಮಬ್ಬಾದರೆ ಕಲಿಕೆಯೂ ನಿಧಾನ.

ಉಳಿದ ಮೂರರ ವ್ಯೂಫೈಂಡರ್‌ಗಳೂ ಕನ್ನಡಿಯವು, ಪ್ರಿಸಂನವಲ್ಲ. ಮೂರರಲ್ಲೂ ಚೌಕಟ್ಟಿನ 95 ಶೇಕಡಾ ಮಾತ್ರ ಕಾಣುತ್ತದೆ. ಅಂಚಿನಲ್ಲಿ ಏನೋ ಒಂದು ನುಸುಳಿಕೊಂಡಿರುತ್ತದೆ, ಫೋಟೊ ನೋಡಿದಾಗಲೇ ಗೊತ್ತಾಗುವುದು. 1500ಡಿಯದ್ದು ಎಲ್ಲಕ್ಕಿಂತ ಚಿಕ್ಕದಾಗಿ ಕಾಣಿಸಿತು. ಈ ವಿಷಯದಲ್ಲಿ ನನಗೆ ಆಸೆ ಹುಟ್ಟಿಸಿದ್ದು ಪೆಂಟಾಕ್ಸ್ ಕೆ-70. ನಿಜವಾದ ಪ್ರಿಸಂ, 100 ಶೇಕಡಾ ಚೌಕಟ್ಟು, ಎರಡು ಡಯಲ್, ಬಾಡಿಯೊಳಗೇ ನಡುಕ ತಡೆಯುವ ವ್ಯವಸ್ಥೆ, ಧೂಳು ಮತ್ತು ಹನಿಗೆ ತಡೆ. ಬ್ಯಾಟರಿ ಸೇರಿ ತೂಕ 688 ಗ್ರಾಂ. ಅದರ ಲೆನ್ಸ್‌ಗಳನ್ನು ಎರವಲು ಕೊಡುವವರು ನನ್ನ ಸುತ್ತ ಯಾರೂ ಇಲ್ಲ. ಹೊಸಬರಿಗೆ ಎರವಲು ದೊಡ್ಡ ವಿಷಯ. ಅಲ್ಲಿಗೆ ಬಿಟ್ಟೆ.

ಕೈಗೆ ಕೂರುವುದರಲ್ಲಿ ಡಿ3500 ಎಲ್ಲವನ್ನೂ ಮೀರಿಸಿತು. ಬ್ಯಾಟರಿ ಬಿಟ್ಟರೆ ಬಾಡಿ ಬರೀ 365 ಗ್ರಾಂ, ಆದರೂ ಹಿಡಿ ಆಳವಾಗಿದೆ. ಬೆರಳುಗಳು ಒಳಗೆ ಸುತ್ತಿ ಕೂರುತ್ತವೆ. 200ಡಿ ಮಾರ್ಕ್ 2 ತುಂಬಾ ಪುಟ್ಟದು, ನನ್ನ ಕಿರುಬೆರಳು ಕೆಳಗೆ ಜೋತಾಡುತ್ತದೆ. ತಂಗಿಯ ಕೈಗೆ ಅದೇ ಸರಿ. 1500ಡಿ ನಡುವೆ ಎಲ್ಲೋ ಇದೆ. ಮೂರಕ್ಕೂ ಒಂದೇ ಕಂಟ್ರೋಲ್ ಡಯಲ್, ಹಾಗಾಗಿ ಮ್ಯಾನುಯಲ್ ಮೋಡಿನಲ್ಲಿ ಶಟರ್‌ಗೆ ಡಯಲ್ ಒಂದನ್ನೇ ತಿರುಗಿಸಬೇಕು, ಅಪರ್ಚರ್‌ಗೆ ಒಂದು ಬಟನ್ ಒತ್ತಿ ಹಿಡಿದು ತಿರುಗಿಸಬೇಕು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದರೆ ಲೆನ್ಸ್ ಹಾಕುವ ದಿಕ್ಕೂ ಉಲ್ಟಾ, ಜೂಮ್ ತಿರುಗುವ ದಿಕ್ಕೂ ಉಲ್ಟಾ. ಮನೆಯಲ್ಲಿ ಈಗಾಗಲೇ ಒಬ್ಬರು ಒಂದು ಕಂಪನಿಯದ್ದನ್ನು ಬಳಸುತ್ತಿದ್ದರೆ ಅದೇ ಕಂಪನಿಯದ್ದನ್ನು ತೆಗೆದುಕೊಳ್ಳುವುದರಲ್ಲಿ ಅರ್ಥ ಇದೆ. ಲೆನ್ಸ್ ಹಂಚಿಕೊಳ್ಳಬಹುದು, ಕೈಗೂ ಗೊಂದಲ ಇಲ್ಲ.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ಮಾತು ಬೇಡ. 3000ಡಿ 18, ಉಳಿದವು 24. 24 ಅಂದರೆ 6000 ಗುಣಿಸು 4000. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 20 ಇಂಚು ಅಗಲದ ಪ್ರಿಂಟ್ ಬರುತ್ತದೆ. 18ರಲ್ಲೂ 17 ಇಂಚು ಬರುತ್ತದೆ.

ನೆರಳಿನ ವಿಷಯ ಹಾಗಲ್ಲ. ಇಲ್ಲಿ ನಾನು ತುಂಬಾ ಹೊತ್ತು ಕೂತೆ. ಕಿಟಕಿ ಪಕ್ಕ ಕೂತವರನ್ನು ತೆಗೆಯುವಾಗ ಒಂದು ಕೆನ್ನೆ ಬೆಳಕಿನಲ್ಲಿ, ಇನ್ನೊಂದು ಕತ್ತಲಲ್ಲಿ. ಬೆಳಕಿನ ಕಡೆ ಸುಟ್ಟುಹೋಗಬಾರದು ಅಂತ ಒಟ್ಟು ಫೋಟೊವನ್ನು ಸ್ವಲ್ಪ ಕಪ್ಪಾಗಿ ತೆಗೆಯುತ್ತೇನೆ. ಆಮೇಲೆ ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲು) ನೆರಳನ್ನು ಮೇಲೆತ್ತುತ್ತೇನೆ. ಮೂರು ಕ್ಯಾಮೆರಾಗಳಲ್ಲೂ ಒಂದೇ ಚೌಕಟ್ಟು, ಐಎಸ್‌ಒ 100, ಒಂದೇ ಎಕ್ಸ್‌ಪೋಷರ್. ನೆರಳನ್ನು ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಎತ್ತಿದೆ. ಡಿ3500ದಲ್ಲಿ ಸೀರೆಯ ನೇಯ್ಗೆ ಹಾಗೇ ಕಂಡಿತು, ಬಣ್ಣವೂ ಕೆಡಲಿಲ್ಲ. 200ಡಿ ಮಾರ್ಕ್ 2 ಅದರ ಹತ್ತಿರ ಹತ್ತಿರ ಬಂತು. 1500ಡಿಯಲ್ಲಿ ಕಪ್ಪು ಜಾಗದಲ್ಲಿ ಮರಳು ಚೆಲ್ಲಿದಂತೆ ಕಾಳುಕಾಳು, ಜೊತೆಗೆ ಸಣ್ಣ ಗೆರೆಗಳು. ಹಗಲು ಹೊರಗೆ ತೆಗೆದ ಫೋಟೊಗಳಲ್ಲಿ ಈ ಮೂರನ್ನೂ ನಾನು ಗುರುತು ಹಿಡಿಯಲಾರೆ. ನೆರಳು ಎತ್ತುವ ಅಭ್ಯಾಸ ಇಲ್ಲದವರಿಗೆ, ಜೆಪೆಗ್‌ನಲ್ಲೇ ತೆಗೆಯುವವರಿಗೆ ಇದು ಲೆಕ್ಕಕ್ಕೇ ಇಲ್ಲ. ನನ್ನ ಕೆಲಸವೇ ಅದಾದ್ದರಿಂದ ನನಗೆ ಇದು ದೊಡ್ಡದು.

ಫೋಕಸ್ ಪಾಯಿಂಟ್ ಕ್ಯಾನನ್ ಎರಡರಲ್ಲೂ 9, ಡಿ3500ದಲ್ಲಿ 11. ಮೂರರಲ್ಲೂ ಅಡ್ಡ ಮತ್ತು ಉದ್ದ ಎರಡೂ ಗೆರೆಗಳನ್ನು ಹಿಡಿಯುವ ಪಾಯಿಂಟ್ ನಡುವಿನದು ಒಂದೇ. ಮಂದ ಬೆಳಕಿನಲ್ಲಿ ನಾನು ಅದನ್ನೇ ನಂಬುತ್ತೇನೆ. ಡಿ5600ದಲ್ಲಿ 39 ಪಾಯಿಂಟ್, ಅದರಲ್ಲಿ 9 ಇಂಥವು. ಓಡಾಡುವ ಮಕ್ಕಳು, ಆಟ, ಹಕ್ಕಿ ತೆಗೆಯುವವರು ಅದರ ಕಡೆ ನೋಡಬೇಕು. ಒಂದೇ ಸಮನೆ ಒತ್ತಿ ಹಿಡಿದರೆ 1500ಡಿ ಸೆಕೆಂಡಿಗೆ 3 ಫೋಟೊ, 200ಡಿ ಮಾರ್ಕ್ 2 ಮತ್ತು ನಿಕಾನ್ ಎರಡೂ 5.

ವಿಡಿಯೊಗೆ ಬಂದರೆ ನನ್ನ ಆಯ್ಕೆ ತಿರುವುಮುರುವಾಗುತ್ತದೆ. ಡಿ3500 ಮತ್ತು 1500ಡಿ ಎರಡೂ ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನ್ ನೋಡಿ ತೆಗೆಯುವಾಗ) ಹಿಂದೆ ಮುಂದೆ ತಡಕಾಡಿ ಫೋಕಸ್ ಹುಡುಕುತ್ತವೆ. ಎರಡಕ್ಕೂ ಹೊರಗಿನ ಮೈಕ್ ಹಾಕುವ ಜಾಗ ಇಲ್ಲ. 200ಡಿ ಮಾರ್ಕ್ 2ರಲ್ಲಿ ಡ್ಯುಯಲ್ ಪಿಕ್ಸೆಲ್ ಫೋಕಸ್ ಇದೆ, ಸ್ಕ್ರೀನಿನಲ್ಲಿ ಮುಖ ಮುಟ್ಟಿದರೆ ಸಾಕು, ಜಾರಿಕೊಂಡು ಹೋಗಿ ಕೂರುತ್ತದೆ. ಸ್ಕ್ರೀನ್ ಹೊರಳಿಸಿ ನಮ್ಮ ಕಡೆಗೇ ತಿರುಗಿಸಬಹುದು. ಮೈಕ್ ಹಾಕಬಹುದು. ತಂಗಿ ಕಸೂತಿ ಕಲಿಸುವ ವಿಡಿಯೊ ಮಾಡುತ್ತಾಳೆ, ಅವಳಿಗೆ ಇದಕ್ಕಿಂತ ಸರಿಯಾದ ಕ್ಯಾಮೆರಾ ಈ ಗುಂಪಿನಲ್ಲಿ ಇಲ್ಲ. 4ಕೆ ಅಂತ ಬರೆದಿರುವುದನ್ನು ಮಾತ್ರ ನಂಬಿ ಕೂರಬೇಡಿ. 4ಕೆಯಲ್ಲಿ ಚೌಕಟ್ಟು ಇನ್ನೂ ಕಿರಿದಾಗುತ್ತದೆ, ಡ್ಯುಯಲ್ ಪಿಕ್ಸೆಲ್ ಫೋಕಸ್ ಸಿಗುವುದಿಲ್ಲ. ಅವಳು ಫುಲ್ ಎಚ್‌ಡಿಯಲ್ಲೇ ತೆಗೆಯುತ್ತಾಳೆ.

ಡಿ3500ದಲ್ಲಿ ಇನ್ನೂ ಕೊರತೆಗಳಿವೆ, ಹೇಳಿಬಿಡುತ್ತೇನೆ. ವೈಫೈ ಇಲ್ಲ, ಬ್ಲೂಟೂತ್ ಮಾತ್ರ. ಫೋನಿಗೆ ಹೋಗುವುದು 2 ಮೆಗಾಪಿಕ್ಸೆಲ್‌ನ ಚಿಕ್ಕ ಪ್ರತಿ. ಸೆನ್ಸರಿನ ಧೂಳನ್ನು ತಾನೇ ಕೊಡವಿಕೊಳ್ಳುವ ವ್ಯವಸ್ಥೆ ಇಲ್ಲ, ಹಾಗಾಗಿ ಲೆನ್ಸ್ ಬದಲಿಸುವಾಗ ಬಾಡಿಯನ್ನು ಕೆಳಮುಖವಾಗಿ ಹಿಡಿಯುವ ಅಭ್ಯಾಸ ಮಾಡಿಕೊಂಡೆ. ಬ್ಯಾಟರಿ ಮಾತ್ರ ಅದ್ಭುತ, ಒಂದು ಚಾರ್ಜಿಗೆ 1550 ಫೋಟೊ ಅಂತ ಕಂಪನಿಯ ಲೆಕ್ಕ. 1500ಡಿಯದ್ದು 500.

ಫ್ಲ್ಯಾಶ್ ಬಗ್ಗೆ ಒಂದು ಮಾತು. ಇದನ್ನು ಹೇಳುವವರು ಕಡಿಮೆ. 1500ಡಿ, 3000ಡಿ, 200ಡಿ ಮಾರ್ಕ್ 2, ಈ ಮೂರರಲ್ಲೂ ಮೇಲಿನ ಫ್ಲ್ಯಾಶ್ ಶೂನಲ್ಲಿ ನಡುವಿನ ಪಿನ್ ತೆಗೆದುಬಿಟ್ಟಿದ್ದಾರೆ. ಆ ಒಂದೇ ಪಿನ್ ನಂಬಿಕೊಂಡ ಸಾದಾ ಫ್ಲ್ಯಾಶ್, ಸಾದಾ ಟ್ರಿಗರ್‌ಗಳು ಇವುಗಳ ಮೇಲೆ ಹೊತ್ತುವುದಿಲ್ಲ. ಕ್ಯಾನನ್ ಭಾಷೆ ಬಲ್ಲ ಫ್ಲ್ಯಾಶ್ ಬೇಕು. ಮುಂದೆ ಫ್ಲ್ಯಾಶ್ ಕಲಿಯುವ ಆಸೆ ಇದ್ದರೆ ಈಗಲೇ ಇದನ್ನು ನೋಡಿಕೊಳ್ಳಿ.

ನಾನು ಕೊನೆಗೆ ತೆಗೆದುಕೊಂಡದ್ದು ಬಳಸಿದ ಡಿ3500 ಮತ್ತು ಆ 35 ಮಿ.ಮೀ. ಲೆನ್ಸ್. ಇವೆಲ್ಲ 2016ರಿಂದ 2019ರ ನಡುವೆ ಬಂದ ಕ್ಯಾಮೆರಾಗಳು. ಕ್ಯಾನನ್, ನಿಕಾನ್ ಎರಡೂ ಈಗ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕಡೆ ಹೋಗಿವೆ. ಅದಕ್ಕೇ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು, ಲೆನ್ಸ್‌ಗಳು ಬಳಸಿದವರಿಂದ ಸುಲಭವಾಗಿ ಸಿಗುತ್ತಿವೆ, ಕಲಿಯುವವರಿಗೆ ಇದು ಒಳ್ಳೆಯ ಕಾಲ. ಕೊಳ್ಳುವ ಮುಂಚೆ ಎಫ್/16 ಇಟ್ಟು ಬರೀ ಆಕಾಶದ ಫೋಟೊ ತೆಗೆಯಿರಿ, ಧೂಳಿದ್ದರೆ ಕಪ್ಪು ಚುಕ್ಕಿಗಳಾಗಿ ಕಾಣುತ್ತದೆ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಇದೆಯಾ ನೋಡಿ. ಶಟರ್ ಎಷ್ಟು ಸಲ ಓಡಿದೆ ಅನ್ನುವುದು ನಿಕಾನ್‌ನಲ್ಲಿ ಫೋಟೊ ಫೈಲಿನ ಒಳಗೇ ಬರೆದಿರುತ್ತದೆ.

ನನ್ನ ಸೆಟ್ಟಿಂಗ್ ಈಗ ಹೀಗಿದೆ. ಎ ಮೋಡ್ (ಅಪರ್ಚರ್ ನಾನು ಇಡುವುದು, ಶಟರ್ ಕ್ಯಾಮೆರಾ ನೋಡಿಕೊಳ್ಳುವುದು), ಎಫ್/2, ನಡುವಿನ ಫೋಕಸ್ ಪಾಯಿಂಟ್, ಆಟೋ ಐಎಸ್‌ಒ. ಆ ಆಟೋ ಐಎಸ್‌ಒ ಒಳಗೆ ಶಟರ್ 1/125ಕ್ಕಿಂತ ನಿಧಾನವಾಗಬಾರದು ಅಂತ ಹೇಳಿಡಬಹುದು. 1500ಡಿಯಲ್ಲಿ ಐಎಸ್‌ಒ ಎಷ್ಟರ ತನಕ ಏರಬಹುದು ಅಂತ ಮಾತ್ರ ಹೇಳಬಹುದು, ಶಟರ್‌ಗೆ ಗಡಿ ಹಾಕಲು ಬರುವುದಿಲ್ಲ. ಪುಟ್ಟ ಸೌಲಭ್ಯ, ಆದರೆ ನನ್ನ ಗಮನ ಪೂರ್ತಿ ಅಜ್ಜಿಯ ಕೈ ಮೇಲೆ ಇರಲು ಇದೇ ಕಾರಣ.

ನಿಮ್ಮ ಎರಡನೇ ಲೆನ್ಸ್ ಯಾವುದು ಅಂತ ಇನ್ನೂ ಗೊತ್ತಿಲ್ಲವಾದರೆ, ಯಾರದ್ದಾದರೂ ಕಿಟ್ ಲೆನ್ಸ್ ಸ್ವಲ್ಪ ದಿನ ಬಳಸಿ. ಯಾವ ಮಿ.ಮೀ.ನಲ್ಲಿ ತೆಗೆದದ್ದು ಅಂತ ಪ್ರತಿ ಫೋಟೊದಲ್ಲೂ ದಾಖಲಾಗಿರುತ್ತದೆ. ಇಷ್ಟವಾದ ಫೋಟೊಗಳನ್ನು ಮಾತ್ರ ಆರಿಸಿ ಆ ಸಂಖ್ಯೆ ನೋಡಿ. ಎಲ್ಲ 18ರಲ್ಲಿದ್ದರೆ ನಿಮಗೆ ಬೇಕಾದ್ದು ಅಗಲದ ಲೆನ್ಸ್: ಕ್ಯಾನನ್‌ನಲ್ಲಿ 10-18, ನಿಕಾನ್‌ನಲ್ಲಿ ಎಎಫ್-ಪಿ 10-20. ಎಲ್ಲ 55ಕ್ಕೆ ಹೋಗಿ ಒತ್ತಿಕೊಂಡಿದ್ದರೆ ದೂರದ್ದು: ಕ್ಯಾನನ್ 55-250 ಎಸ್‌ಟಿಎಂ ಅಥವಾ ನಿಕಾನ್ ಎಎಫ್-ಪಿ 70-300. ನಡುವೆ 30-35ರಲ್ಲಿ ಗುಂಪುಗೂಡಿದ್ದು, ಅದರಲ್ಲೂ ಮನೆಯೊಳಗಿನವೇ ಜಾಸ್ತಿ ಇದ್ದರೆ, ನನ್ನ 35ರ ಬಗ್ಗೆ ಏನು ಬೇಕಾದರೂ ಕೇಳಿ, ಅದರಲ್ಲಿ ತೆಗೆದ ರಾ ಫೈಲುಗಳನ್ನೂ ಕಳಿಸುತ್ತೇನೆ.